ಬೆಟ್ಟಕ್ಕೆ ಹೋಗಕ್ಕಾಗದ ಎಂಟು ತಿಂಗಳು, ನಾನು ನೋಡಿದ ವೆಬ್‌ಕ್ಯಾಮ್‌ಗಳ ಹೋಲಿಕೆ

ಅಮ್ಮನಿಗೆ ಸ್ಟ್ರೋಕ್ ಆಗಿ ಎಂಟು ತಿಂಗಳಾಯ್ತು. ಅವತ್ತಿಂದ ನಾನು ಒಂದು ರಾತ್ರಿನೂ ಮನೆ ಬಿಟ್ಟು ಇದ್ದಿಲ್ಲ, ಬಿಡಕ್ಕೆ ಮನಸ್ಸೂ ಇಲ್ಲ, ಆದ್ರೆ ವರ್ಷಕ್ಕೆ ಎರಡು ಸಲನಾದ್ರೂ ಬೆಟ್ಟ ಹತ್ತಿ ಬರ್ತಿದ್ದವಳಿಗೆ ಅದಿಲ್ದೆ ಇರೋದು ತುಂಬಾ ಕಷ್ಟ ಆಯ್ತು. ಒಂದಿನ ನಡುರಾತ್ರಿ ಅಮ್ಮನ್ನ ಮಗ್ಗುಲು ಬದಲಾಯಿಸಿ ಮಲಗಿಸಿದ ಮೇಲೆ ನಿದ್ದೆ ಹತ್ಲಿಲ್ಲ, ಫೋನಲ್ಲಿ ಸುಮ್ನೆ ಮ್ಯಾಟರ್‌ಹಾರ್ನ್ ಅಂತ ಸ್ವಿಟ್ಜರ್ಲೆಂಡಿನ ಬೆಟ್ಟ ಹುಡುಕ್ದೆ. ಹಳೇ ಫೋಟೋಗಳ ಮಧ್ಯೆ ಒಂದು ಲೈವ್ ಕ್ಯಾಮೆರಾ ಸಿಕ್ತು. ಅಲ್ಲಿ ಆಗಷ್ಟೇ ಸಂಜೆ ಮುಗೀತಿತ್ತು, ಕಣಿವೆಯೆಲ್ಲ ಕತ್ತಲು, 4478 ಮೀಟರ್ ಎತ್ತರದ ಆ ತುದೀಲಿ ಮಾತ್ರ ಒಂಚೂರು ಬೆಳಕು ಉಳ್ಕೊಂಡಿತ್ತು. ಇದು ಯಾರೋ ಯಾವತ್ತೋ ತೆಗೆದ ಫೋಟೋ ಅಲ್ಲ, ಅಲ್ಲಿ ಈಗ ಹೀಗಿದೆ ಅನ್ನೋದು ಹೊಳೆದಾಗ ಕಣ್ಣು ತುಂಬಿ ಬಂತು.

ಆಮೇಲೆ ದಿನಾ ನೋಡಕ್ಕೆ ಶುರು ಮಾಡ್ದೆ. ಒಂದೊಂದು ಥರದ ಕ್ಯಾಮೆರಾನೂ ವಾರಗಟ್ಟಲೆ ಇಟ್ಕೊಂಡು ನೋಡಿದೀನಿ, ಅಮ್ಮನ ಹಾಸಿಗೆ ಎದುರಿಗೆ ಹಳೇ ಟ್ಯಾಬ್ ನಿಲ್ಲಿಸಿ.

ಮೊದಲು ಹಿಡಿದಿದ್ದು 24 ಗಂಟೆ ಓಡೋ ಲೈವ್ ವಿಡಿಯೋ. ಫ್ಯೂಜಿ ಬೆಟ್ಟಕ್ಕೆ ಇಂಥವು ಬೇಕಾದಷ್ಟಿವೆ, ಕವಾಗುಚಿ ಸರೋವರದ ಕಡೆಯಿಂದ ಕಾಣೋವು ನನಗೆ ಹೆಚ್ಚು ಇಷ್ಟ. ಆದ್ರೆ ನಾನು ಶುರು ಮಾಡಿದ್ದು ಬೇಸಿಗೇಲಿ, ಜಪಾನಿನ ಬೇಸಿಗೆ ಅಂದ್ರೆ ತೇವ ತುಂಬಿದ ಗಾಳಿ, 3776 ಮೀಟರ್ ಬೆಟ್ಟ ಪೂರ್ತಿ ಮೋಡದೊಳಗೆ, ದಿನಗಟ್ಟಲೆ ಬರೀ ಬಿಳಿ ಸ್ಕ್ರೀನ್. ಬಿಟ್ಟೇಬಿಡೋಣ ಅನ್ಕೊಂಡಿದ್ದೆ. ಜುಲೈನ ಒಂದು ರಾತ್ರಿ ಮೋಡ ಸರೀತು ನೋಡಿ, ಕಪ್ಪು ಬೆಟ್ಟದ ಮೈಮೇಲೆ ಅಂಕುಡೊಂಕಾಗಿ ಸಣ್ಣ ಸಣ್ಣ ದೀಪಗಳ ಸಾಲು! ಮೊದಲು ರಸ್ತೆ ಅನ್ಕೊಂಡೆ. ಅದು ಜನ, ತಲೆಗೆ ಟಾರ್ಚ್ ಕಟ್ಕೊಂಡು ತುದೀಲಿ ಸೂರ್ಯೋದಯ ನೋಡಕ್ಕೆ ರಾತ್ರಿ ಹೊತ್ತು ಹತ್ತೋರು. ಜುಲೈಯಿಂದ ಸೆಪ್ಟೆಂಬರ್ ಶುರುವಿನ ತನಕ ಹತ್ತೋ ಸೀಸನ್ನು. ಆ ದೀಪಗಳು ನಿಧಾನಕ್ಕೆ ಮೇಲೇರೋದನ್ನ ಬೆಳಗಿನವರೆಗೂ ನೋಡ್ದೆ, ಮಧ್ಯೆ ಎರಡು ಸಲ ಅಮ್ಮನಿಗೆ ಎದ್ದೆ, ವಾಪಸ್ ಬಂದು ನೋಡಿದ್ರೆ ಅವರು ಇನ್ನೂ ಹತ್ತುತ್ತಾನೇ ಇದ್ರು. ನಾನೂ ಅವರ ಜೊತೆ ಎಚ್ಚರ ಇದ್ದೆ ಅನ್ನೋದೇ ಒಂದು ಸಮಾಧಾನ. ಇಂಥದ್ದು ಓಡೋ ವಿಡಿಯೋದಲ್ಲಿ ಬಿಟ್ರೆ ಬೇರೆ ಯಾವುದ್ರಲ್ಲೂ ಸಿಗಲ್ಲ.

ಚಳಿಗಾಲದಲ್ಲಿ ಅದೇ ಫ್ಯೂಜಿ ಬೇರೇನೇ. ಗಾಳಿ ಒಣಗಿರತ್ತೆ, ಬೆಳಗ್ಗೆ ಬೆಳಗ್ಗೆ ಗೆರೆ ಕೊರೆದ ಹಾಗೆ ಕಾಣತ್ತೆ. ಕೆಲವು ದಿನ ತುದಿ ಮೇಲೆ ಟೋಪಿ ಇಟ್ಟ ಹಾಗೆ ಒಂದೇ ಮೋಡ ಕೂತಿರತ್ತೆ, ಗಾಳಿ ಬೆಟ್ಟಕ್ಕೆ ತಾಗಿ ಮೇಲೆ ಹೋಗ್ತಾ ತಣ್ಣಗಾಗಿ ಅಲ್ಲೇ ಮೋಡ ಆಗೋದು, ಆ ಕಡೆ ಇಳಿದ ತಕ್ಷಣ ಕರಗೋದು, ಹಾಗಾಗಿ ಗಾಳಿ ಓಡ್ತಿದ್ರೂ ಮೋಡ ನಿಂತಲ್ಲೇ ನಿಂತಿರತ್ತೆ. ಅದನ್ನ ಅರ್ಧ ಗಂಟೆ ಬಿಟ್ಟ ಕಣ್ಣು ಬಿಟ್ಟಂಗೆ ನೋಡಿದೀನಿ. ವಿಡಿಯೋದ ತೊಂದರೆ ಏನಂದ್ರೆ ಡೇಟಾ, ಒಳ್ಳೆ ಕ್ವಾಲಿಟಿ ಬೇಕಂದ್ರೆ ಗಂಟೆಗೆ ಒಂದು ಜಿಬಿ ಮೇಲೇ ಹೋಗತ್ತೆ, ಮತ್ತೆ ಎಷ್ಟೇ ಎಚ್‌ಡಿ ಅಂದ್ರೂ ದೂರದ ಹಿಮದ ಗೆರೆಗಳು ಮಸುಕು ಮಸುಕು. ಒಂದು ಚಾನೆಲ್ಲಲ್ಲಿ ಸೂರ್ಯೋದಯದ ಹೊತ್ತಿಗೆ ಸರಿಯಾಗಿ ಜಾಹೀರಾತು ಬಂದು ಅಮ್ಮ ಗಾಬರಿ ಬಿದ್ರು, ಆಮೇಲೆ ಸೌಂಡ್ ಯಾವಾಗ್ಲೂ ಆಫ್.

ಎರಡನೇದು ಅತ್ತಿಂದಿತ್ತ ತಿರುಗೋ ಕ್ಯಾಮೆರಾ. ಆಲ್ಪ್ಸ್ ಕಡೆ ಇದು ಟಿವೀಲೇ ಬರತ್ತೆ, 3ಸ್ಯಾಟ್ ಚಾನೆಲ್ಲಲ್ಲಿ ಬೆಳಗ್ಗೆ ಹೊತ್ತು ಒಂದೊಂದೇ ಬೆಟ್ಟ ತೋರಿಸ್ತಾರೆ, ಕೆಳಗೆ ಅಲ್ಲಿನ ಟೆಂಪರೇಚರ್, ಹಿಂದೆ ಸಂಗೀತ. ನನಗೆ ಖುಷಿ ಆಯ್ತು, ಅಮ್ಮನಿಗೆ ಆಗ್ಲಿಲ್ಲ. ಚಿತ್ರ ಸರೀತಾ ಇದ್ರೆ ತಲೆ ತಿರುಗತ್ತಂತೆ. ಹುಷಾರಿಲ್ದೇ ಇರೋರ ಜೊತೆ ನೋಡೋದಾದ್ರೆ ಇದನ್ನ ಮೊದಲೇ ಕೈಬಿಡಿ.

ಮೂರನೇದು 360 ಡಿಗ್ರಿ ಪನೋರಮಾ, ಅಂದ್ರೆ ಸುತ್ತಲಿನ ನೋಟವೆಲ್ಲ ಒಂದೇ ಉದ್ದ ಚಿತ್ರದಲ್ಲಿ, ರೌಂಡ್‌ಶಾಟ್ ಅನ್ನೋ ಕಂಪನಿಯ ಕ್ಯಾಮೆರಾ ಥರದವು. ಇದು ಬೆಟ್ಟದ ಭೂಗೋಳ ಕಲಿಯಕ್ಕೆ ಹೇಳಿ ಮಾಡಿಸಿದ್ದು. ಸ್ವಿಟ್ಜರ್ಲೆಂಡಲ್ಲೇ ಗೋರ್ನರ್‌ಗ್ರಾಟ್ ಅಂತ ಒಂದು ಜಾಗ, 1898ರಿಂದ ಅಲ್ಲಿಗೆ ರೈಲು ಹೋಗತ್ತೆ, ಸುಮಾರು 3100 ಮೀಟರ್. ಅಲ್ಲಿನ ಪನೋರಮಾನ ಬೆರಳಲ್ಲಿ ಸರಿಸ್ತಾ ಹೋದ್ರೆ ಒಂದು ಕಡೆ ಮಾಂಟೆ ರೋಸಾ ಬೆಟ್ಟ, ಅದರ ಕೆಳಗೆ ಹಿಮನದಿ, ಇನ್ನೊಂದು ಕಡೆ ಒಂಟಿಯಾಗಿ ಮ್ಯಾಟರ್‌ಹಾರ್ನ್. ಯಾವ ತುದಿ ಯಾವ ದಿಕ್ಕಲ್ಲಿದೆ ಅಂತ ಗೊತ್ತಾದ ಮೇಲೇ ನನಗೆ ಬೆಳಗಿನ ಬೆಳಕು ಅರ್ಥ ಆಗಿದ್ದು. ಮ್ಯಾಟರ್‌ಹಾರ್ನ್ ಅಲ್ಲಿಂದ ಪಶ್ಚಿಮಕ್ಕಿದೆ, ಅದರ ಪೂರ್ವದ ಮುಖ ನಮ್ಮ ಕಡೆಗೆ, ಹಾಗಾಗಿ ಸೂರ್ಯ ಹುಟ್ಟುವಾಗ ಮೊದಲು ತುದಿ ಕೆಂಪಾಗಿ ಆ ಕೆಂಪು ಕೆಳಗೆ ಇಳೀತಾ ಬರತ್ತೆ. ಸೂರ್ಯ ಕೆಳಗಿದ್ದಾಗ ಬೆಳಕು ತುಂಬಾ ದೂರ ಗಾಳಿಯೊಳಗಿಂದ ಬರಬೇಕು, ದಾರೀಲಿ ನೀಲಿ ಚದುರಿ ಹೋಗಿ ಕೆಂಪು ಉಳಿಯತ್ತೆ. ಸಂಜೆ ನೋಡಕ್ಕೆ ಹೋದ್ರೆ ಅದೇ ಮುಖ ನೆರಳಲ್ಲಿ. ಬೇಜಾರು ಅಂದ್ರೆ ಪೂರ್ತಿ ಚಿತ್ರ ಒಟ್ಟಿಗೆ ಕಾಣಲ್ಲ, ಯಾರಾದ್ರೂ ಸರಿಸ್ತಾನೇ ಇರಬೇಕು, ಟ್ಯಾಬ್ ದೂರ ಇಟ್ಟು ಮಲಗ್ಕೊಂಡು ನೋಡೋರಿಗೆ ಪ್ರಯೋಜನ ಇಲ್ಲ.

ಅಮೆರಿಕದ ನ್ಯಾಷನಲ್ ಪಾರ್ಕ್‌ಗಳ ಕ್ಯಾಮೆರಾಗಳು ಸರಳ, ಒಂದು ಚಿತ್ರ, ಆಗಾಗ ಬದಲಾಗತ್ತೆ, ಅಷ್ಟೇ. ಯೋಸೆಮಿಟಿ ಪಾರ್ಕಿನ ಹಾಫ್ ಡೋಮ್ ಅನ್ನೋ ಬಂಡೆಬೆಟ್ಟದ್ದು ಚೆನ್ನಾಗಿದೆ. ರೈನಿಯರ್ ಬೆಟ್ಟದ ಪ್ಯಾರಡೈಸ್ ಅನ್ನೋ ಜಾಗದ್ದು ಹಿಮ ಬೀಳೋದು ನೋಡಕ್ಕೆ, 1971-72ರ ಚಳಿಗಾಲ ಒಂದರಲ್ಲೇ ಅಲ್ಲಿ 28 ಮೀಟರಿಗಿಂತ ಹೆಚ್ಚು ಹಿಮ ಬಿದ್ದಿತ್ತು. ನೆಟ್ ನಿಧಾನ ಇರೋರಿಗೆ ಇವು ಒಳ್ಳೇದು.

ನಾನು ಕೊನೆಗೆ ನಿಂತಿದ್ದು ಫೋಟೋ-ವೆಬ್‌ಕ್ಯಾಮ್ ಡಾಟ್ ಇಯು (foto-webcam.eu) ಅನ್ನೋ ವೆಬ್‌ಸೈಟ್ ಹತ್ರ. ಆಲ್ಪ್ಸ್ ಉದ್ದಕ್ಕೂ ಇವರ ಕ್ಯಾಮೆರಾಗಳಿವೆ, ವಿಡಿಯೋ ಅಲ್ಲ, ಒಳ್ಳೆ ಫೋಟೋ ಕ್ಯಾಮೆರಾ ಇಟ್ಟು 10 ನಿಮಿಷಕ್ಕೆ ಒಂದು ದೊಡ್ಡ ಚಿತ್ರ. ಮೊದಲ ದಿನ 10 ನಿಮಿಷ ಕಾಯೋದಾ ಅನ್ನಿಸ್ತು. ಆದ್ರೆ ಬೆಟ್ಟ ಏನು ಓಡಿಹೋಗತ್ತಾ? 10 ನಿಮಿಷದಲ್ಲಿ ನೆರಳು ಎಷ್ಟು ಜರುಗಬೇಕೋ ಅಷ್ಟೇ ಜರುಗಿರತ್ತೆ, ಅಷ್ಟರಲ್ಲಿ ನಾನು ಮಾತ್ರೆ ಕೊಟ್ಟು, ಬಟ್ಟೆ ಬದಲಾಯಿಸಿ ಬಂದಿರ್ತೀನಿ. ಜೂಮ್ ಮಾಡಿದ್ರೆ ಬಂಡೆಯ ಬಿರುಕುಗಳೂ ಕಾಣತ್ತೆ. ರಾತ್ರಿ ಶಟರ್ ಜಾಸ್ತಿ ಹೊತ್ತು ತೆಗೆದಿಡೋದ್ರಿಂದ ನಕ್ಷತ್ರಗಳೂ ಬರ್ತವೆ. ಅದ್ರಲ್ಲಿ ನಾನೂ ಅಮ್ಮನೂ ನೋಡೋದು ಜುಗ್‌ಸ್ಪಿಟ್ಸೆ, ಜರ್ಮನಿಯ ಅತಿ ಎತ್ತರದ ಬೆಟ್ಟ, 2962 ಮೀಟರ್. ಚಳಿಗಾಲದಲ್ಲಿ ತಣ್ಣನೆ ಗಾಳಿ ಭಾರವಾಗಿ ಕಣಿವೇಲಿ ಕೂತ್ಕೊಂಡು ಕೆಳಗೆಲ್ಲ ಮಂಜು, ಮೇಲೆ ಬಿಸಿಲು, ಮೋಡದ ಸಮುದ್ರದಲ್ಲಿ ತುದಿಗಳು ದ್ವೀಪದ ಹಾಗೆ.

ಹಿಮಾಲಯದ್ದು ಯಾಕಿಲ್ಲ ಅಂತ ಕೇಳ್ತೀರಿ, ನಾನೂ ತುಂಬಾ ಹುಡುಕ್ದೆ. 2011ರಲ್ಲಿ ಎವರೆಸ್ಟ್ ಎದುರಿನ ಕಾಲಾ ಪತ್ಥರ್‌ನಲ್ಲಿ ಇಟಲಿಯ ಸಂಶೋಧಕರು ಸೋಲಾರ್‌ನಲ್ಲಿ ನಡೆಯೋ ಒಂದು ಕ್ಯಾಮೆರಾ ಇಟ್ಟಿದ್ರು, ಆದ್ರೆ ದಿನಾ ನೋಡಕ್ಕಾಗೋ ಥರದ್ದು ನನಗೆ ಸಿಗ್ಲಿಲ್ಲ. ಆಲ್ಪ್ಸ್‌ನಲ್ಲಿ ಎಷ್ಟೋ ಕಡೆ ತುದಿವರೆಗೂ ಕೇಬಲ್ ಕಾರ್, ಕರೆಂಟು, ನೆಟ್ಟು, ಜೊತೆಗೆ ಹಿಮ ಎಷ್ಟಿದೆ ಅಂತ ಸ್ಕೀಯಿಂಗ್‌ನೋರಿಗೆ ದಿನಾ ತೋರಿಸೋ ಅಗತ್ಯ, ಅದಕ್ಕೇ ಕ್ಯಾಮೆರಾಗಳು ಅಲ್ಲಿ ಅಷ್ಟೊಂದು.

ಒಂದು ಮಾತು, ಚಿತ್ರದ ಮೂಲೇಲಿರೋ ಟೈಮ್ ನೋಡೋದು ಮರೀಬೇಡಿ. ಒಂದು ಕ್ಯಾಮೆರಾ ನಿಂತೋಗಿದ್ದು ಗೊತ್ತಾಗ್ದೆ ಮೂರು ದಿನ ಒಂದೇ ಮಧ್ಯಾಹ್ನ ನೋಡಿದೀನಿ.

ನನ್ನ ಆಯ್ಕೆ ಬದಲಾಗದೇ ಇರೋದಕ್ಕೆ ಮುಖ್ಯ ಕಾರಣ ಹಳೇ ಚಿತ್ರಗಳು. ಪ್ರತಿ ದಿನದ ಪ್ರತಿ ಹೊತ್ತೂ ಅಲ್ಲಿ ಇಟ್ಟಿರ್ತಾರೆ. ಅಮ್ಮನ್ನ ನೋಡ್ಕೊಳೋರಿಗೆ ಸೂರ್ಯೋದಯದ ಟೈಮಿಗೆ ಸರಿಯಾಗಿ ಕೂರಕ್ಕೆ ಎಲ್ಲಾಗತ್ತೆ, ಲೈವ್ ವಿಡಿಯೋದಲ್ಲಿ ತಪ್ಪಿದ್ರೆ ತಪ್ಪಿತು. ಮೊನ್ನೆ ಫಿಸಿಯೋಥೆರಪಿ ಮುಗಿಯೋ ಹೊತ್ತಿಗೆ ಅಲ್ಲಿ ಬೆಳಕು ಹರಿದು ಎಲ್ಲ ಬೆಳ್ಳಗಾಗಿತ್ತು. ಅಮ್ಮ ಎಡಗೈ ಎತ್ತಿ ಟ್ಯಾಬ್ ಕಡೆ ತೋರಿಸಿ, ತುಂಬಾ ಹೊತ್ತು ತಗೊಂಡು, "ಹಿಂದೆ" ಅಂದ್ರು. ಒಂದೊಂದೇ ಚಿತ್ರ ಹಿಂದಕ್ಕೆ ಹೋದೆ, ಹತ್ತು ನಿಮಿಷ, ಇನ್ನೊಂದು ಹತ್ತು ನಿಮಿಷ. ತುದಿ ಕೆಂಪಾಗಿರೋ ಚಿತ್ರ ಬಂದಾಗ ಕೈ ಹಿಡಿದು ನಿಲ್ಲಿಸಿದ್ರು.