ರಾತ್ರಿ ಕಾವಲಿಗೆ ಯಾವುದು: ಹಾಸಿಗೆ ಪ್ಯಾಡೋ, ಗೋಡೆಯ ರೇಡಾರೋ?

ವೃದ್ಧಾಶ್ರಮದ ರಾತ್ರಿ ಪಾಳಿಯವರಿಗೆ ದೊಡ್ಡ ಭಯ ಒಂದೇ. ಅಜ್ಜಿಯೋ ತಾತನೋ ಕತ್ತಲಲ್ಲಿ ಬಾತ್‌ರೂಮಿಗೆಂದು ಎದ್ದು ಬಿದ್ದುಬಿಟ್ಟರೆ?

ಹಾಸಿಗೆ ಪ್ಯಾಡ್ ಅಂದರೆ ಮಲಗಿದವರ ಕೆಳಗೆ ಹಾಸುವ ಸೆನ್ಸರ್; ಅದು ಮೈಭಾರವನ್ನು ಗಮನಿಸುತ್ತದೆ. ಭಾರ ತಪ್ಪಿದ ಕೂಡಲೇ ಅಲಾರಂ. ಬೆಲೆ ಕಡಿಮೆ, ಹಾಕುವುದೂ ಸುಲಭ. ಆದರೆ ಎದ್ದ ಮೇಲೆ ಏನಾಯಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸುಮ್ನೆ ಮಗ್ಗುಲು ಬದಲಿಸಿದರೂ ಕೆಲವೊಮ್ಮೆ ಕೂಗುತ್ತದೆ. ಪದೇ ಪದೇ ಹೀಗಾದರೆ ಸಿಬ್ಬಂದಿ ಅದಕ್ಕೆ ಕಿವಿಗೊಡುವುದನ್ನೇ ಬಿಡುತ್ತಾರೆ. ನನಗೆ ಹೆಚ್ಚು ಆತಂಕ ಇದರದ್ದೇ.

ಗೋಡೆಗೆ ಹಾಕುವ ರೇಡಾರ್ ಸಾಧನ ರೇಡಿಯೋ ಅಲೆಗಳಿಂದ ಕೋಣೆಯ ಚಲನೆ ಗುರುತಿಸುತ್ತದೆ. ಬಿದ್ದು ನೆಲದಲ್ಲೇ ಉಳಿದರೂ ತಿಳಿಸಬಲ್ಲದು. ಕತ್ತಲೆ ಅಡ್ಡಿಯಲ್ಲ. ಚಿತ್ರ ತೆಗೆಯುವುದಿಲ್ಲ, ಬಟ್ಟೆ ಬದಲಿಸುವ ಜಾಗದಲ್ಲಿ ಕ್ಯಾಮೆರಾ ಯಾರಿಗೆ ಬೇಕು, ಅಲ್ವಾ? ಬೆಲೆ ಮಾತ್ರ ಜಾಸ್ತಿ. ತಿರುಗುವ ಫ್ಯಾನ್, ಅಲುಗುವ ಪರದೆ ಅದನ್ನು ದಾರಿ ತಪ್ಪಿಸಬಹುದು.

ಆಸರೆಯಿಲ್ಲದೆ ಏಳಬಾರದವರಿಗೆ ನಾನು ಪ್ಯಾಡ್ ಆರಿಸುತ್ತೇನೆ. ತಾವೇ ಓಡಾಡುವವರಿಗೆ ರೇಡಾರ್. ಅವರು ಎದ್ದಾಗಲೆಲ್ಲ ಅಲಾರಂ ಬೇಡ. ಯಾವುದೇ ಆದರೂ ಮೊದಲು ಆ ಹಿರಿಯರನ್ನೇ ಕೇಳಿ. ಕರೆಂಟ್, ವೈಫೈ ಹೋದರೆ ಅಲಾರಂ ಹೇಗೆ ಬರುತ್ತದೆ ಅಂತ ಮಾರುವವರಿಂದ ತಿಳಿದುಕೊಳ್ಳಿ.