ಹೋಟೆಲ್ ಆದ ಅಂಚೆ ಕಚೇರಿ, ಅದರ ಗೋಪುರ

ಶಿರಸಿಯ ಅಂಚೆ ಕಚೇರಿಯಲ್ಲಿ 31 ವರ್ಷ ಕೆಲಸ ಮಾಡಿದವಳು ನಾನು. ವರ್ಜೀನಿಯಾದಲ್ಲಿರುವ ಮಗಳು, "ಆಯಿ, ಮೊದಲು ವೈಟ್ ಹೌಸ್ ನೋಡೋಣವಾ?" ಅಂದಳು. ಬೇಡ, ಹಳೇ ಪೋಸ್ಟ್ ಆಫೀಸಿಗೆ ಕರಕೊಂಡು ಹೋಗು ಅಂದೆ.

ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿದೆ ಅದು. 1899ರಲ್ಲಿ ಮುಗಿದ ಕಲ್ಲಿನ ಕಟ್ಟಡ. ಈಗ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲ್. ಗಡಿಯಾರ ಗೋಪುರವನ್ನು ಮಾತ್ರ ನ್ಯಾಷನಲ್ ಪಾರ್ಕ್ ಸರ್ವೀಸ್‌ನವರು ನೋಡಿಕೊಳ್ಳುತ್ತಾರೆ. ಟಿಕೆಟ್ ಇಲ್ಲ. ಹೋಟೆಲ್ಲಿನ ಮುಂಬಾಗಿಲಿಗೆ ಹೋಗಬೇಡಿ, 12ನೇ ಬೀದಿಯ ಕಡೆಯಿಂದ ಹಿಂದಕ್ಕೆ ಬನ್ನಿ. ಲಿಫ್ಟ್ ಇದೆ, ಮಂಡಿ ನೋವಿನವರೂ ಧೈರ್ಯವಾಗಿ ಹೋಗಬಹುದು.

ಮೇಲೆ, 270 ಅಡಿ ಎತ್ತರದಲ್ಲಿ, ಗಾಳಿ ಜೋರು. ಒಂದು ಕಡೆ ಅವರ ಸಂಸತ್ ಭವನ ಕ್ಯಾಪಿಟಲ್, ಇನ್ನೊಂದು ಕಡೆ ವಾಷಿಂಗ್ಟನ್ ಸ್ಮಾರಕ. ಚೆಂದವೇ. ಆದರೆ ನನ್ನ ಮನಸ್ಸು ಕೆಳಗಿನ ಅಂಗಳದಲ್ಲೇ ಇತ್ತು. ನಮ್ಮ ಕಡೆಯ ತೊಟ್ಟಿಮನೆಗೆ ಒಂಬತ್ತು ಅಂತಸ್ತು ಏರಿಸಿ ಮೇಲೆ ಗಾಜು ಹೊದಿಸಿದ ಹಾಗಿದೆ. ಇವತ್ತು ಜನ ಕಾಫಿ ಕುಡಿಯುವ ಆ ಅಂಗಳದಲ್ಲೇ ಆಗ ಟಪಾಲು ಸಾರ್ಟಿಂಗ್ ನಡೆಯುತ್ತಿತ್ತು. ತಲೆಯ ಮೇಲೆ ಕಿರಿದಾದ ಓಡಾಟದ ದಾರಿ. ಅಲ್ಲಿಂದ ಮೇಲಿನವರು ಸಾರ್ಟರ್‌ಗಳ ಕೈ ಗಮನಿಸುತ್ತಿದ್ದರಂತೆ. ಓದಿದ ಕೂಡಲೇ ನನ್ನ ಬೆರಳು ಗೂಡು ಹುಡುಕಿದವು. ಕುಮಟಾ, ಸಿದ್ದಾಪುರ, ಯಲ್ಲಾಪುರ.

ಕಟ್ಟಡ ಮುಗಿದ ವರ್ಷವೇ ನಗರದ ಪೋಸ್ಟ್‌ಮಾಸ್ಟರ್ ಜೇಮ್ಸ್ ವಿಲೆಟ್ ತೆರೆದಿದ್ದ ಲಿಫ್ಟ್ ಗುಂಡಿಗೆ ಬಿದ್ದು ತೀರಿಕೊಂಡರು. ಇಳಿಯುವಾಗ ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

1914ರಲ್ಲಿ ನಗರದ ಅಂಚೆ ಬೇರೆಡೆ ಹೋಯಿತು, 1934ರಲ್ಲಿ ಇಲಾಖೆಯೂ ಹೋಯಿತು. 1970ರ ದಶಕದಲ್ಲಿ ಇದನ್ನು ಕೆಡವಲು ಹೊರಟಿದ್ದರು. ಊರಿನ ಜನ ಬಿಡಲಿಲ್ಲ. ಕಲೆಗಳ ರಾಷ್ಟ್ರೀಯ ಸಂಸ್ಥೆಯ ಮುಖ್ಯಸ್ಥೆ ನ್ಯಾನ್ಸಿ ಹ್ಯಾಂಕ್ಸ್ ಸರ್ಕಾರದ ಬೆನ್ನು ಹತ್ತಿದರು. ಸರ್ಕಾರಿ ಕಟ್ಟಡದಲ್ಲಿ ಕಚೇರಿಯ ಜೊತೆ ಅಂಗಡಿ, ಊಟದ ಜಾಗಕ್ಕೂ ಅವಕಾಶ ಕೊಡುವ ಕಾನೂನು 1976ರಲ್ಲಿ ಬಂತು. ಕಟ್ಟಡ ಉಳಿದದ್ದು ಹೀಗೆ. ಕೋಣೆಯ ಬಾಡಿಗೆ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಆದರೂ ಗೋಪುರಕ್ಕೆ ಯಾರು ಬೇಕಾದರೂ ಹತ್ತಬಹುದು. ಅದು ನನಗೆ ತುಂಬಾ ಹಿಡಿಸಿತು.

ಗೋಪುರದಲ್ಲಿ ಇಂಗ್ಲೆಂಡಿನಿಂದ ಉಡುಗೊರೆಯಾಗಿ ಬಂದ 10 ಗಂಟೆಗಳಿವೆ. ನಾವು ಹೋದ ದಿನ ಬಾರಿಸಲಿಲ್ಲ.

1914ರಲ್ಲಿ ಅಂಚೆ ಹೋಗಿ ಸೇರಿದ, ಯೂನಿಯನ್ ಸ್ಟೇಷನ್ ಪಕ್ಕದ ಕಟ್ಟಡ ಈಗ ಅಂಚೆ ಮ್ಯೂಸಿಯಂ. ಮುಂದಿನ ಶನಿವಾರ ಅಲ್ಲಿಗೆ ಹೋಗುವುದು ಅಂತ ಮಗಳ ಹತ್ತಿರ ಈಗಲೇ ಮಾತು ತಗೊಂಡಿದ್ದೇನೆ.