ಆರು ತಿಂಗಳು ಕುರ್ಮ ಕುದಿಸಿದ ಮೇಲೆ ಈ ಬಾಣಲೆ ಬಗ್ಗೆ

ಕುವೆಂಪುನಗರದಲ್ಲಿ ನಮ್ಮ ಮನೆ. ದಿನಾ ಬೆಳಗ್ಗೆ ಎಂಟು ಡಬ್ಬಿ ಕಟ್ಟುತ್ತೇನೆ. ಪಕ್ಕದ ರಸ್ತೆಯ ಪಿಜಿ ಹುಡುಗರಿಗೆ ಆರು, ಬ್ಯಾಂಕಿಗೆ ಹೋಗುವ ಇಬ್ಬರಿಗೆ ಎರಡು. ಮೂರು ಚಪಾತಿ, ಅದಕ್ಕೊಂದು ಗಟ್ಟಿ ಗ್ರೇವಿ, ಅನ್ನ, ಸಾರು. ಸಾರಿನ ಬಗ್ಗೆ ಇಲ್ಲಿವರೆಗೆ ಯಾರೂ ತುಟಿ ಬಿಚ್ಚಿಲ್ಲ. ಗ್ರೇವಿ ಬಗ್ಗೆ ಮಾತ್ರ ವಾರಕ್ಕೊಂದಾದರೂ ಮೆಸೇಜು ಬರುತ್ತಿತ್ತು. "ಆಂಟಿ, ಇವತ್ತು ಸ್ವಲ್ಪ ಸೀದ ವಾಸನೆ ಇತ್ತು." ಪಾಪ, ಹುಡುಗ ಮರ್ಯಾದೆಯಿಂದಲೇ ಬರೆದಿದ್ದ. ಆದರೆ ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ತಪ್ಪು ಎಲ್ಲಿದೆ ಅಂತ ಗೊತ್ತೇ ಇತ್ತು. ಗೋಡಂಬಿ ರುಬ್ಬಿ ಹಾಕಿದ ಮೇಲೆ ಗ್ರೇವಿಯನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷವಾದರೂ ಬಿಡಬೇಕು. ಆಗಲೇ ಅದು ನುಣ್ಣಗೆ, ಕೆನೆ ಕೆನೆಯಾಗಿ ಬರುವುದು. ನನ್ನ ಹಳೇ ಸ್ಟೀಲ್ ಬಾಣಲೆಯಲ್ಲಿ ನಾಲ್ಕು ನಿಮಿಷಕ್ಕೇ ತಳ ಹಿಡಿಯುತ್ತಿತ್ತು. ಹೆದರಿ ಬೇಗ ಇಳಿಸಿದರೆ ಹಸಿ ವಾಸನೆ, ಧೈರ್ಯ ಮಾಡಿ ಬಿಟ್ಟರೆ ಸೀದ ವಾಸನೆ. ಎರಡರಲ್ಲಿ ಒಂದು ಗ್ಯಾರಂಟಿ.

ಕೊನೆಗೆ ಒಂದು ಶನಿವಾರ ದೇವರಾಜ ಮಾರ್ಕೆಟ್ಟಿಗೆ ಈರುಳ್ಳಿ, ಟೊಮೆಟೊ ತರಲು ಹೋದವಳು ಹಾಗೇ ಪೇಟೆಯ ಒಂದು ಪಾತ್ರೆ ಅಂಗಡಿಗೆ ನುಗ್ಗಿದೆ. ಮೂರು ಪದರದ ಬಾಣಲೆ, 24 ಸೆಂಟಿಮೀಟರ್, ಗಾಜಿನ ಮುಚ್ಚಳ ಸೇರಿ 2,350 ರೂಪಾಯಿ. ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೆ ಕಾಸು ತಗೊಂಡು ಹೊಗಳಿದಳು ಅಂತೀರಿ, ಆಮೇಲೆ ಬೈದಾಗ ಅವರು ಬೇಜಾರು ಮಾಡ್ಕೋತಾರೆ. ಅಂಗಡಿಯಲ್ಲಿ ಟ್ರೈ ಪ್ಲೈ ಅಂತ ಕೇಳಿ, ಐದಾರು ತೆಗೆದು ಮುಂದೆ ಇಡುತ್ತಾರೆ.

ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಬಿಲ್ ನೋಡಿ ಕನ್ನಡಕ ಸರಿ ಮಾಡ್ಕೊಂಡರು. "ಇಷ್ಟ್ ದುಡ್ಡಿಗೆ ಒಂದು ಮೂಟೆ ಅಕ್ಕಿನೇ ಬತ್ತಿತ್ತಲ್ಲವ್ವಾ!" ಅವರ ಲೆಕ್ಕ ತಪ್ಪೇನಲ್ಲ.

ಮೂರು ಪದರ ಅಂದರೆ ಒಳಗೆ ಸ್ಟೀಲು, ಹೊರಗೆ ಸ್ಟೀಲು, ಮಧ್ಯೆ ಅಲ್ಯುಮಿನಿಯಂ. ಸ್ಟೀಲು ಬಿಸಿಯನ್ನು ಪಕ್ಕಕ್ಕೆ ಹಂಚುವುದರಲ್ಲಿ ಮಹಾ ಸೋಮಾರಿ. ಉರಿ ಎಲ್ಲಿ ತಾಗುತ್ತದೋ ಅಲ್ಲಿ ಮಾತ್ರ ಕೆಂಡ, ಸುತ್ತ ತಣ್ಣಗೆ. ಹಳೇ ಬಾಣಲೆಯ ತಳದಲ್ಲಿ ಬರ್ನರಿನ ಆಕಾರದಲ್ಲೇ ಒಂದು ಕಂದು ಉಂಗುರ ಕೂತಿತ್ತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಅಲ್ಯುಮಿನಿಯಂ ಬಿಸಿಯನ್ನು ಸ್ಟೀಲಿಗಿಂತ 10 ಪಟ್ಟಿಗೂ ಜಾಸ್ತಿ ವೇಗದಲ್ಲಿ ಹಂಚುತ್ತದೆ. ಹಾಗಂತ ಬರೀ ಅಲ್ಯುಮಿನಿಯಂ ಪಾತ್ರೆಯಲ್ಲಿ ಹುಣಸೆಹಣ್ಣು, ಟೊಮೆಟೊ ಕುದಿಸುವುದು ನನಗೆ ಇಷ್ಟವಿಲ್ಲ, ಹುಳಿ ಅದನ್ನು ತಿನ್ನುತ್ತದೆ. ಕಬ್ಬಿಣದ ಬಾಣಲೆ ಒಗ್ಗರಣೆಗೆ, ಪಲ್ಯಕ್ಕೆ ಚಿನ್ನ. ಟೊಮೆಟೊ ಗ್ರೇವಿ ಮಾಡಿದರೆ ಕಪ್ಪಗಾಗುತ್ತದೆ, ನಾಲಿಗೆಗೆ ಕಬ್ಬಿಣದ ರುಚಿ. ನಾನ್‌ಸ್ಟಿಕ್ ನಮ್ಮನೇಲಿ ಒಂದು ವರ್ಷ ಬಾಳಿಲ್ಲ. ಅತ್ತೆಯ ಸ್ಟೀಲ್ ಸೌಟಿನ ಮುಂದೆ ಯಾವ ಲೇಪವೂ ನಿಲ್ಲುವುದಿಲ್ಲ.

ಮೊದಲ ದಿನವೇ ಎಡವಟ್ಟು. ತಣ್ಣನೆ ಬಾಣಲೆಗೆ ಎಣ್ಣೆ, ಈರುಳ್ಳಿ ಎರಡನ್ನೂ ಒಟ್ಟಿಗೆ ಹಾಕಿ ಉರಿ ಹಚ್ಚಿದೆ. ಪೂರ್ತಿ ಅಂಟಿಕೊಂಡಿತು. ವಾಪಸ್ ಕೊಡೋಣ ಅಂತ ಡಬ್ಬ ಹುಡುಕಿದ್ದೂ ನಿಜ. ಕ್ರಮ ಬೇರೆ ಇದೆ. ಖಾಲಿ ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಎರಡು ನಿಮಿಷ ಕಾಯಿಸಿ, ನಾಲ್ಕು ಹನಿ ನೀರು ಚಿಮುಕಿಸಿ. ಚುರ್ ಅಂತ ಆರಿಹೋದರೆ ಇನ್ನೂ ಕಾಯಬೇಕು. ನೀರು ಮುತ್ತಿನ ಹಾಗೆ ಗುಂಡಗಾಗಿ ತಳದಲ್ಲಿ ಓಡಾಡಿದರೆ ಕಾದಿದೆ ಅಂತ. ನೀರು ಒರೆಸಿ, ಉರಿ ಸಣ್ಣ ಮಾಡಿ ಎಣ್ಣೆ ಹಾಕಿ, ಆಮೇಲೆ ಈರುಳ್ಳಿ. ಇದು ಕೈಗೆ ಬರಲು ನನಗೆ ಒಂದು ವಾರ ಬೇಕಾಯಿತು.

ಈಗ ಕುರ್ಮದ ವಿಷಯ. ಎಂಟು ಡಬ್ಬಿಗೆ ನಾಲ್ಕು ಈರುಳ್ಳಿ, ಐದು ಟೊಮೆಟೊ, ಇಪ್ಪತ್ತು ಗೋಡಂಬಿ, ಒಂದು ಚಮಚ ಗಸಗಸೆ. ಗೋಡಂಬಿ, ಗಸಗಸೆ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಯಬೇಕು. ರುಬ್ಬುವಾಗ ಮೊದಲು ಎರಡೇ ಚಮಚ ನೀರು. ನೀರು ಜಾಸ್ತಿಯಾದರೆ ಮಿಕ್ಸಿಯಲ್ಲಿ ಚೂರುಗಳು ಸುತ್ತುತ್ತಲೇ ಇರುತ್ತವೆ, ನುಣ್ಣಗಾಗುವುದಿಲ್ಲ. ಬೆರಳಲ್ಲಿ ಉಜ್ಜಿದಾಗ ಮರಳು ಮರಳು ಅನ್ನಿಸಬಾರದು, ಆಮೇಲೆ ನೀರು ಸೇರಿಸಿ. ಈರುಳ್ಳಿ, ಟೊಮೆಟೊ ಚೆನ್ನಾಗಿ ಬಾಡಿ, ಮಸಾಲೆ ಬಿದ್ದು, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಹುರಿಯುತ್ತೇನೆ. ಅದಾದ ಮೇಲೆ ಗೋಡಂಬಿ.

ಗೋಡಂಬಿ ಬಿದ್ದ ಮೇಲಿನ ಹತ್ತು ನಿಮಿಷದಲ್ಲೇ ಈ ಬಾಣಲೆ ದುಡ್ಡು ತೀರಿಸುತ್ತದೆ. ಗೋಡಂಬಿಯಲ್ಲಿ ಎಣ್ಣೆ ಮಾತ್ರವಲ್ಲ, ಪಿಷ್ಟವೂ ಇದೆ. ಬಿಸಿಗೆ ಅದು ಉಬ್ಬಿ ಗಟ್ಟಿಯಾಗುತ್ತದೆ, ತಳಕ್ಕೆ ಇಳಿದು ಹಿಡಿಯುವುದೂ ಅದೇ. ಹಳೇ ಬಾಣಲೆಯಲ್ಲಿ ಕೈ ಬಿಡುವ ಹಾಗಿರಲಿಲ್ಲ. ಇದರಲ್ಲಿ ಉರಿ ಸಣ್ಣ ಮಾಡಿ, ಎರಡು ನಿಮಿಷಕ್ಕೊಮ್ಮೆ ಸೌಟು ಆಡಿಸಿದರೆ ಸಾಕು. ಗುಳುಗುಳು ಅಂತ ಒಂದು ಮೂಲೆಯಲ್ಲಿ ಕುದಿಯುವ ಬದಲು ಇಡೀ ಮೇಲ್ಮೈ ಮೆಲ್ಲಗೆ ಉಸಿರಾಡಿದ ಹಾಗೆ ಏಳುತ್ತದೆ. ಅಷ್ಟರಲ್ಲಿ ನಾನು ಆರು ಚಪಾತಿ ಲಟ್ಟಿಸಿರುತ್ತೇನೆ. ಗ್ರೇವಿ ಸೌಟಿನ ಹಿಂಬದಿಗೆ ಹತ್ತಿ, ಬೆರಳಲ್ಲಿ ಗೆರೆ ಎಳೆದರೆ ಗೆರೆ ಹಾಗೇ ನಿಂತರೆ ಹದ. ಜಾಸ್ತಿ ಗಟ್ಟಿಯಾದರೆ ಬಿಸಿನೀರು ಹಾಕಿ, ತಣ್ಣೀರು ಬೇಡ.

ಪೂರಿ ಸಾಗುಗೆ ಗೋಡಂಬಿ ಬದಲು ಹುರಿಗಡಲೆ, ತೆಂಗಿನಕಾಯಿ. ಅದು ಗೋಡಂಬಿಗಿಂತ ಬೇಗ ಗಟ್ಟಿ. ಅದೂ ಹಿಡಿಯಲಿಲ್ಲ.

ಆದರೆ ಬಾಣಲೆ ಬದಲಾಯಿಸಿದ ಮಾತ್ರಕ್ಕೆ ಹಾಲು ಒಡೆಯುವುದು ನಿಲ್ಲುವುದಿಲ್ಲ. ಹೊಸ ಬಾಣಲೆ ಅನ್ನುವ ಖುಷಿಯಲ್ಲಿ ಫ್ರಿಜ್ಜಿನಿಂದ ತೆಗೆದ ಹಾಲನ್ನು ಕುದಿಯುವ ಟೊಮೆಟೊ ಗ್ರೇವಿಗೆ ನೇರ ಸುರಿದೆ. ಒಂದೇ ನಿಮಿಷಕ್ಕೆ ಸಣ್ಣ ಸಣ್ಣ ಗಿಣ್ಣಿನ ಚೂರು. ಟೊಮೆಟೊ ಹುಳಿ, ಮೇಲೆ ಜೋರು ಬಿಸಿ, ಹಾಲು ಇನ್ನೇನು ಮಾಡುತ್ತೆ? ಈಗ ನಂದಿನಿ ಶುಭಂ ಹಾಲು ತರುತ್ತೇನೆ, ಅದರಲ್ಲಿ ಕೊಬ್ಬು 4.5 ಪರ್ಸೆಂಟು. ಅರ್ಧ ಗಂಟೆ ಮೊದಲೇ ಹೊರಗಿಡುತ್ತೇನೆ. ಎರಡು ಸೌಟು ಬಿಸಿ ಗ್ರೇವಿಯನ್ನು ಹಾಲಿಗೇ ಕಲಸಿ, ಉರಿ ಆರಿಸಿದ ಬಾಣಲೆಗೆ ಸುರಿಯುತ್ತೇನೆ. ಮೊಸರು ಹಾಕುವ ದಿನ ಅದಕ್ಕೆ ಒಂದು ಚಮಚ ಕಡಲೆಹಿಟ್ಟು ಕಲಸಿಕೊಳ್ಳುತ್ತೇನೆ, ಒಡೆಯುವುದಿಲ್ಲ. ಇದನ್ನು ಹೇಳಿಕೊಟ್ಟದ್ದು ಅತ್ತೆ, ಮಜ್ಜಿಗೆಹುಳಿ ಮಾಡುವಾಗ.

ಬೈಯುವುದೂ ಇದೆ. ಬಾಣಲೆ ಭಾರ. ತುಂಬಿದಾಗ ಒಂದು ಕೈಯಲ್ಲಿ ಎತ್ತಲು ನನ್ನಿಂದಾಗದು, ಮಣಿಕಟ್ಟು ನೋವಿರುವವರು ಅಂಗಡಿಯಲ್ಲೇ ಎತ್ತಿ ನೋಡಿ. ಎರಡೂ ಹಿಡಿ ಸ್ಟೀಲಿನವೇ, ಹತ್ತು ನಿಮಿಷಕ್ಕೆ ಸುಡುತ್ತವೆ. ಬಟ್ಟೆ ಇಲ್ಲದೆ ಮುಟ್ಟುವ ಹಾಗಿಲ್ಲ, ಎಡಗೈ ಹೆಬ್ಬೆರಳಿಗೆ ಕಲೆ ಇನ್ನೂ ಇದೆ. ಜೋರು ಉರಿಯಲ್ಲಿ ಖಾಲಿ ಬಿಟ್ಟರೆ ಒಳಗೆ ಕಾಮನಬಿಲ್ಲಿನ ಬಣ್ಣ ಬರುತ್ತದೆ. ಕೆಟ್ಟಿತು ಅಂತ ಗಾಬರಿಯಾಗಬೇಡಿ, ನಿಂಬೆಹೋಳಿನಲ್ಲಿ ಉಜ್ಜಿದರೆ ಹೋಗುತ್ತದೆ. ಬೋರ್ ನೀರಿನ ಬಿಳಿ ಚುಕ್ಕೆಗಳಿಗೂ ಅದೇ ಮದ್ದು.

ಮುಚ್ಚಳದ ಕಥೆ ಬೇರೆ. ಎರಡನೇ ತಿಂಗಳಿಗೇ ಅದರ ಗುಬುಟು ಸಡಿಲವಾಯಿತು. ಅಂಗಡಿಗೆ ಹೋದರೆ "ಅಕ್ಕಾ, ಬಾಣಲೆಗೆ ಮಾತ್ರ ಗ್ಯಾರಂಟಿ, ಮುಚ್ಚಳಕ್ಕಿಲ್ಲ" ಅಂದರು. ಬಿಲ್ಲಿನ ಹಿಂದೆ ನಿಜವಾಗಿಯೂ ಹಾಗೇ ಬರೆದಿತ್ತು, ಇರುವೆ ಗಾತ್ರದ ಅಕ್ಷರದಲ್ಲಿ. ಕೊಳ್ಳುವ ಮೊದಲು ಮುಚ್ಚಳದ ತಿರುಪು ಅಲ್ಲಾಡಿಸಿ ನೋಡಿ, ಗ್ಯಾರಂಟಿ ಯಾವುದಕ್ಕೆ ಅಂತ ಬಾಯಿಬಿಟ್ಟು ಕೇಳಿ.

ಗ್ಯಾಸ್ ಮುಗಿದ ಒಂದು ದಿನ ಇಂಡಕ್ಷನ್ ಮೇಲೂ ಇಟ್ಟೆ, ಕೆಲಸ ಮಾಡಿತು. ಹೊರಗಿನ ಸ್ಟೀಲು ಅಯಸ್ಕಾಂತ ಹಿಡಿಯುವಂಥದ್ದು. ಫ್ರಿಜ್ಜಿನ ಮೇಲಿನ ಆಯಸ್ಕಾಂತದ ಬೊಂಬೆ ತಳಕ್ಕೆ ಅಂಟಿದರೆ ನಿಮ್ಮದೂ ನಡೆಯುತ್ತದೆ.

ನಾಲ್ಕು ಜನರ ಮನೆಗೆ 24 ಸರಿಯಾಗುತ್ತದೆ. ನನ್ನ ಎಂಟು ಡಬ್ಬಿಗೆ ಅಂಚಿನವರೆಗೂ ಬರುತ್ತದೆ, ಸೌಟು ಆಡಿಸಿದರೆ ಒಲೆ ಮೇಲೆ ಚೆಲ್ಲುತ್ತದೆ. 28ರದ್ದೇ ತಗೋಬೇಕಿತ್ತು. ದಸರಾ ಹೊತ್ತಿಗೆ ಇನ್ನೊಂದು ಕೊಳ್ಳೋಣ ಅಂದುಕೊಂಡಿದ್ದೇನೆ, ಅತ್ತೆ ಮಂಡ್ಯಕ್ಕೆ ಹೋದ ಮೇಲೆ. ಮುಚ್ಚಳ ಮಾತ್ರ ಬೇಡ ಅಂತ ಚೌಕಾಸಿ ಮಾಡುತ್ತೇನೆ. ಈಗ ಮುಚ್ಚುತ್ತಿರುವುದು ಊಟದ ಹಳೇ ಸ್ಟೀಲ್ ತಟ್ಟೆ, ಸರಿಯಾಗಿ ಕೂರುತ್ತದೆ.